ಗಿಟಾರಿಗೆ ಏಳು ಮುದ್ರೆ

ಕಳೆದ ಭಾನುವಾರ ಬೆಳಿಗ್ಗೆ ನಂಜನಗೂಡಿನ ನಮ್ಮ ಮನೆಯ ಹಿತ್ತಲಲ್ಲಿ ಹೆಂಡತಿ ಹಿತ್ತಾಳೆ ತಟ್ಟೆಗಳಿಗೆ ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದಳು. ಬಾಗಿಲ ಹತ್ತಿರ ನಾನು ಅವಳ ಹೊಲಿಗೆ ಮೆಷಿನ್ನಿಗೆ ಎಣ್ಣೆ ಬಿಡುತ್ತಿದ್ದೆ. ಮೂರು ವಾರ ಬೈಸಿಕೊಂಡ ಮೇಲೆ ಬಿಡುತ್ತಿದ್ದೆ ಅನ್ನುವುದು ಸರಿ. ಹುಣಸೆಹಣ್ಣಿನ ಹುಳಿ, ಮೆಷಿನ್ ಎಣ್ಣೆ, ಎರಡರ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿಯಿತು ನೋಡಿ… ಕೈ ಹಾಗೇ ನಿಂತುಬಿಟ್ಟಿತು. ಅದು ತಿ. ನರಸೀಪುರದ ತಕ್ಕಡಿ ಯಜಮಾನರ ಅಂಗಡಿಯ ವಾಸನೆ.

"ಏನ್ರೀ, ಎಣ್ಣೆ ನೆಲಕ್ಕೆ ಸುರೀತಾ ಅದೆ," ಅಂದಳು ಹೆಂಡತಿ. ಸುರಿಯುತ್ತಿತ್ತು.

ಯಜಮಾನರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಊರಿಗೆಲ್ಲ ಅವರು ತಕ್ಕಡಿ ಯಜಮಾನರೇ. ಸಂತೆಯ ಕೈತಕ್ಕಡಿಯಿಂದ ಹಿಡಿದು ಅಕ್ಕಸಾಲಿಗರ ಗಾಜಿನ ಪೆಟ್ಟಿಗೆಯ ಸಣ್ಣ ತಕ್ಕಡಿಯವರೆಗೆ, ತೂಗುವ ವಸ್ತು ಏನು ಕೆಟ್ಟರೂ ಅವರ ಬಳಿಗೇ ಬರಬೇಕು. ಹಣೆ ತುಂಬ ವಿಭೂತಿ, ಕಿವಿಯ ಸಂದಿಯಲ್ಲಿ ಗಿಡ್ಡ ಪೆನ್ಸಿಲ್ಲು, ಬಾಯಲ್ಲಿ ಸದಾ ಒಂದು ‘ಶಿವ ಶಿವಾ’. ಕೋಪ ಬಂದಾಗಲೂ ಅದೇ ಶಿವ ಶಿವಾ, ಸಂತೋಷಕ್ಕೂ ಅದೇ. ಯಾವುದು ಯಾವುದಕ್ಕೆ ಅಂತ ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು.

ಹನ್ನೆರಡು ವರ್ಷದ ಹಿಂದಿನ ಮಾತು. ಆಗ ನಾನು ನರಸೀಪುರದ ಒಂದು ರೈಸ್ ಮಿಲ್ಲಿನಲ್ಲಿ ಮೂಟೆಗಳ ತೂಕ ಬರೆಯುವ ಕೆಲಸದಲ್ಲಿದ್ದೆ. ಊರು ಬದನವಾಳಿನ ಆಚೆಗೆ. ಅವ್ವ ಬದನವಾಳಿನ ಖಾದಿ ಕೇಂದ್ರದಲ್ಲಿ ನೂಲು ತೆಗೆಯುತ್ತಿದ್ದಳು. ನಾನು ನಮ್ಮೂರ ಬುದ್ಧ ವಿಹಾರದಲ್ಲಿ ಹಾರ್ಮೋನಿಯಂ ಜೊತೆ ಹಾಡಿಕೊಂಡು ಬೆಳೆದವನು. ಸಂಬಳ ಅಂತ ಬರತೊಡಗಿದ ಮೇಲೆ ಮೈಸೂರಿನಲ್ಲಿ ಒಂದು ಹಳೇ ಎಲೆಕ್ಟ್ರಿಕ್ ಗಿಟಾರ್ ಕೊಂಡು, ಆರು ಜನರ ಒಂದು ವಾದ್ಯಗೋಷ್ಠಿಗೆ ಸೇರಿಕೊಂಡೆ. ಮಿಲ್ಲಿನಲ್ಲಿ ಹೊಟ್ಟೆಪಾಡು, ಗೋಷ್ಠಿಯಲ್ಲಿ ಜೀವ. ವೇದಿಕೆಯ ಕೆಂಪು ದೀಪದ ಕೆಳಗೆ ಗಿಟಾರ್ ನೇತುಹಾಕಿಕೊಂಡು ನಿಂತರೆ, ಹಗಲೆಲ್ಲ ತೌಡಿನ ಧೂಳು ಮೆತ್ತಿಕೊಂಡ ಮೈ ನನ್ನದಲ್ಲ ಅನ್ನಿಸುತ್ತಿತ್ತು.

ಆದರೆ ಆ ಗಿಟಾರ್ ನನ್ನ ಮಾನ ತೆಗೆಯುತ್ತಿತ್ತು. ಗಿಟಾರಿನ ತಂತಿಗಳ ಬುಡ ಒಂದು ಲೋಹದ ತಟ್ಟೆಗೆ ಸಿಕ್ಕಿಸಿರುತ್ತದೆ, ಅದಕ್ಕೆ ಬ್ರಿಡ್ಜ್ ಅನ್ನುತ್ತಾರೆ. ಕೆಲವು ಗಿಟಾರಿನಲ್ಲಿ ಅದು ಕದಲುವುದೇ ಇಲ್ಲ. ನನ್ನದರಲ್ಲಿ ಕದಲುತ್ತಿತ್ತು. ಟ್ರೆಮೊಲೊ ಅನ್ನುವ ಜಾತಿ. ಒಂದು ಹಿಡಿ ಇರುತ್ತದೆ. ಅದನ್ನು ಒತ್ತಿದರೆ ತಟ್ಟೆ ಮುಂದಕ್ಕೆ ವಾಲಿ ತಂತಿ ಸಡಿಲವಾಗಿ ಸ್ವರ ಜಾರುತ್ತದೆ, ಬಿಟ್ಟರೆ ಮೇಲೇರಿ ಮೊದಲಿನ ಜಾಗಕ್ಕೆ ಬಂದು ನಿಲ್ಲುತ್ತದೆ. ನಿಲ್ಲಬೇಕು. ನನ್ನದು ನಿಲ್ಲುತ್ತಿರಲಿಲ್ಲ. ಒಂದು ಸಲ ಒತ್ತಿ ಬಿಟ್ಟರೆ ಸಾಕು, ಆರೂ ತಂತಿ ಒಟ್ಟಿಗೆ ಒಂದು ಕೂದಲು ಕೆಳಗೆ ನಿಂತು, ಉಳಿದ ಹಾಡಿನುದ್ದಕ್ಕೂ ಹಾಡುವವರಿಗೂ ನನಗೂ ಹೊಂದಿಕೆಯೇ ಇಲ್ಲ. ಹಾಗಂತ ಒತ್ತದೆ ಇರೋಣ ಅಂದರೆ, ನಮ್ಮ ಗೋಷ್ಠಿ ಶುರುವಾಗುತ್ತಿದ್ದದ್ದೇ ಆ ಜಾರುವ ಸ್ವರದಿಂದ. ಜನ ಶಿಳ್ಳೆ ಹೊಡೆಯುತ್ತಿದ್ದದ್ದೂ ಅದಕ್ಕೇ.

ಗೋಷ್ಠಿ ನಡೆಸುತ್ತಿದ್ದವರು ಒಬ್ಬ ಸ್ಕೂಲ್ ಮೇಡಂ. ಒಳ್ಳೆ ಕಂಠ, ಒಳ್ಳೆ ಮನಸ್ಸು, ಕಿವಿ ಮಾತ್ರ ಬಲು ಖಡಕ್ಕು. ಒಂದು ಮದುವೆಯಲ್ಲಿ ನನ್ನ ದೆಸೆಯಿಂದ ಅವರ ಪಲ್ಲವಿಯೇ ಕೆಟ್ಟಾಗ, ಸಾಮಾನು ಕಟ್ಟುತ್ತಾ ಹೇಳಿದರು. "ನೋಡಪ್ಪ, ಬುದ್ಧ ಪೂರ್ಣಿಮೆ ಕಾರ್ಯಕ್ರಮದಲ್ಲೂ ಹಿಂಗೇ ಆದ್ರೆ, ಆಮೇಲೆ ಗಿಟಾರ್ ಬ್ಯಾಡ. ಕೀಬೋರ್ಡಲ್ಲೇ ಆ ಸೌಂಡ್ ಹಾಕ್ಕೋತೀವಿ. ಬೇಜಾರ್ ಮಾಡ್ಕೋಬೇಡ."

ಗಿಟಾರ್ ಸರಿಯಿಲ್ಲ ಮೇಡಂ ಅಂತ ನಾನು ಬಾಯಿ ತೆರೆದೆ. ಡ್ರಮ್ಸ್ ಬಾರಿಸುವವನು ಹಿಂದಿನಿಂದ, "ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ," ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಏನು ಮಾಡಲಿ. ಪೂರ್ಣಿಮೆಗೆ ಇನ್ನು ಮೂರು ವಾರ ಇತ್ತು.

ಮೈಸೂರಿನ ಅಂಗಡಿಯವರು, ಆ ಬ್ರಿಡ್ಜ್ ಕಿತ್ತುಹಾಕಿ ಕದಲದ ಬ್ರಿಡ್ಜ್ ಹಾಕಿಸಿಕೊಳ್ಳಿ, ತಲೆನೋವೇ ಇರಲ್ಲ ಅಂದರು. ಕಾಲು ನೋವು ಅಂದವನಿಗೆ ನಡೆಯಬೇಡ ಅಂದ ಹಾಗೆ. ನಾನು ಸಿಟ್ಟಿನಲ್ಲಿ ಮನೆಗೆ ಬಂದು, ಹವಾಯಿ ಚಪ್ಪಲಿಯ ಹಿಮ್ಮಡಿಯಿಂದ ಒಂದು ತುಂಡು ಕತ್ತರಿಸಿ, ಗಿಟಾರಿನ ಬೆನ್ನಿನ ಗೂಡಿನಲ್ಲಿ ಬ್ರಿಡ್ಜಿನ ಬುಡಕ್ಕೆ ಸಿಕ್ಕಿಸಿದೆ. ಕೆಳಗೆ ನಿಲ್ಲುತ್ತಿದ್ದ ತಂತಿ ಈಗ ಮೇಲೆ ನಿಲ್ಲತೊಡಗಿತು. ಇನ್ನೊಂದು ತುಂಡು ಸಿಕ್ಕಿಸಿದೆ. ಹೀಗೆ ಒಂದು ಚಪ್ಪಲಿ ಮುಗಿಯಿತು.

ಆ ವಾರವೇ ಮಿಲ್ಲಿನ ದೊಡ್ಡ ತೂಕದ ಯಂತ್ರ ನೋಡಲು ಯಜಮಾನರು ಬಂದಿದ್ದರು. ಊಟದ ಹೊತ್ತು. ನಾನು ಮೂಟೆಗಳ ಮೇಲೆ ಗಿಟಾರ್ ಬೋರಲು ಹಾಕಿ, ಬೆನ್ನಿನ ಮುಚ್ಚಳ ಬಿಚ್ಚಿ, ಅದರ ಜನ್ಮ ಜಾಲಾಡುತ್ತಿದ್ದೆ. ಅವರು ಬಂದು ಭುಜದ ಮೇಲಿಂದ ಬಗ್ಗಿ ನೋಡಿದರು.

"ಇದೇನ್ಲಾ ಮಗ, ಚಪ್ಲಿ?"

ನಾಚಿಕೆಯಿಂದ ಎಲ್ಲ ಹೇಳಿದೆ. ಅವರು ಕೂತೇ ಬಿಟ್ಟರು. ಗೂಡಿನೊಳಗೆ ಸಾಲಾಗಿದ್ದ ಸ್ಪ್ರಿಂಗುಗಳನ್ನು ಬೆರಳಿನಿಂದ ಮೀಟಿದರು. ಗಿಟಾರ್ ತಿರುಗಿಸಿ ತಂತಿ ಮೀಟಿದರು. ಆಮೇಲೆ ಬಾಯಿ ತುಂಬ ನಕ್ಕರು.

"ಶಿವ ಶಿವಾ! ಇದು ತಕ್ಕಡಿ ಕಣ್ಲಾ. ಈ ಕಡಿಕ್ಕೆ ತಂತಿ ಎಳೀತವೆ, ಆ ಕಡಿಕ್ಕೆ ಸ್ಪ್ರಿಂಗ್ ಎಳೀತವೆ, ಮಧ್ಯದಲ್ಲಿ ತಟ್ಟೆ ನಿಂತದೆ. ನೀನು ತಕ್ಕಡಿ ರಿಪೇರಿ ಮಾಡದ್ ಬುಟ್ಟು ತಟ್ಟೆ ತಳೀಕ್ಕೆ ಹುಣ್ಸೇಹಣ್ ಅಂಟ್ಸಿದ್ದೀಯೆ."

ಆ ಮೋಸ ನಮ್ಮ ಕಡೆಯ ಸಂತೆಗೆ ಹೋದವರಿಗೆಲ್ಲ ಗೊತ್ತು. ತಕ್ಕಡಿ ಒಂದು ಕಡೆಗೆ ವಾಲಿದರೆ ಇನ್ನೊಂದು ತಟ್ಟೆಯ ತಳಕ್ಕೆ ಹುಣಸೆಹಣ್ಣಿನ ಉಂಡೆ ಅಂಟಿಸಿ ಸಮ ಮಾಡಿ ತೋರಿಸುತ್ತಾರೆ. ನಿಂತಾಗ ಸಮ, ತೂಗಿದಾಗ ಸುಳ್ಳು. ಸಂಜೆ ಅಂಗಡಿಗೆ ತಗೊಂಡು ಬಾ ಅಂತ ಹೇಳಿ, ಚಪ್ಪಲಿ ತುಂಡುಗಳನ್ನು ಕಿತ್ತು ನನ್ನ ಕೈಗೇ ಕೊಟ್ಟು ಎದ್ದರು.

ಅಂಗಡಿ ಅಂದರೆ ಅವರ ಮನೆಯ ಮುಂದಿನ ಕೋಣೆ. ಅವರ ಮಗಳು ಒಂದು ಮೂಲೆಯಲ್ಲಿ ಹಿತ್ತಾಳೆ ತಟ್ಟೆಗಳನ್ನು ಹುಣಸೆಹಣ್ಣಿನಲ್ಲಿ ತಿಕ್ಕುತ್ತಿದ್ದಳು. ಯಜಮಾನರು ಸಾಣೆಕಲ್ಲಿಗೆ ಮೆಷಿನ್ ಎಣ್ಣೆ ಬಿಟ್ಟು ಏನೋ ಮಸೆಯುತ್ತಿದ್ದರು. ನಾನು ಹೋಗಿ ಜಗಲಿಯ ಮೇಲೆ ಕೂತೆ. ನಮ್ಮ ಕೇರಿಯವರಿಗೆ ಇಂಥ ಮನೆಗಳಲ್ಲಿ ಜಗಲಿಯಿಂದ ಒಳಕ್ಕೆ ಕಾಲು ಬರುವುದಿಲ್ಲ, ಯಾರೂ ಹೇಳಬೇಕಾಗಿಯೇ ಇಲ್ಲ, ಅಭ್ಯಾಸ. ಯಜಮಾನರು ತಲೆಯೆತ್ತಿ ಗದರಿದರು. "ಅಲ್ಯಾಕ್ ಕುಂತ್ಕಂಡೆ? ಗಾಳಿ ಹೊಡೀತದೆ. ಗಾಳೀಲಿ ತಕ್ಕಡಿ ನಿಜ ಯೋಳಲ್ಲ. ಒಳೀಕ್ ಬಾ." ಪಕ್ಕದ ಚಾಪೆ ತಟ್ಟಿ ತೋರಿಸಿದರು. ಮಗಳು ಇಬ್ಬರಿಗೂ ಒಂದೇ ಥರದ ಲೋಟದಲ್ಲಿ ಕಾಫಿ ತಂದಿಟ್ಟಳು. ಅವತ್ತು ನನಗೆ ಗಿಟಾರಿನ ಚಿಂತೆ ಒಂದು ಗಳಿಗೆ ಮರೆತೇಹೋಗಿತ್ತು.

ಅವರಿಗೆ ಸಂಗೀತ ಗೊತ್ತಿರಲಿಲ್ಲ. ಹಾಡು ಅಂದರೆ ಗದ್ದಲ ಅನ್ನುವ ಜಾತಿಯವರು. ಅದಕ್ಕೇ ಅವರು ಕಿವಿಯ ತಂಟೆಗೆ ಹೋಗಲಿಲ್ಲ. ಪೊರಕೆಯಿಂದ ಒಂದು ತೆಂಗಿನಕಡ್ಡಿ ಎಳೆದು, ಮೇಣದಿಂದ ಬ್ರಿಡ್ಜಿನ ತಟ್ಟೆಗೆ ಅಂಟಿಸಿದರು. ಅದರ ತುದಿಯ ಹಿಂದೆ ಒಂದು ರಟ್ಟು ನಿಲ್ಲಿಸಿದರು. ತಕ್ಕಡಿಯ ಮುಳ್ಳಿನ ಹಾಗೆ. ಹಿಡಿ ಒತ್ತಿ ಬಿಡು ಅಂದರು. ಬಿಟ್ಟೆ. ಕಡ್ಡಿ ನಿಂತ ಕಡೆ ಪೆನ್ಸಿಲ್ಲಿನಿಂದ ಗೀರು ಹಾಕಿದರು. ಈಗ ಮೇಲಕ್ಕೆ ಎಳೆದು ಬಿಡು ಅಂದರು. ಬಿಟ್ಟೆ. ಇನ್ನೊಂದು ಗೀರು. ಎರಡು ಗೀರಿನ ನಡುವೆ ಒಂದು ಅಕ್ಕಿಕಾಳು ಮಲಗಿಸುವಷ್ಟು ಜಾಗ ಇತ್ತು.

"ನೋಡ್ದಾ? ಮನೆಗ್ ಬತ್ತಾ ಇಲ್ಲ. ಕೆಳಗ್ ಹೋದ್ರೆ ಒಂದ್ ಮನೆ, ಮೇಲಕ್ ಹೋದ್ರೆ ಒಂದ್ ಮನೆ. ಎರಡ್ ಮನೆ ಇರೋ ತಕ್ಕಡಿನ ನಂಬಂಗಿಲ್ಲ." ಆಮೇಲೆ ನನ್ನ ಮುಖ ನೋಡಿ ಹೇಳಿದರು, "ನಿನ್ ತಪ್ಪಲ್ಲ ಕಣ್ಲಾ ಮಗ. ಇಲ್ಲಿ ನೆಲನೇ ಡೊಂಕು."

ಡ್ರಮ್ಸಿನವನ ಗಾದೆಯ ಸಂಗತಿ ನಾನು ಅವರಿಗೆ ಹೇಳಿರಲಿಲ್ಲ. ಅವರಾಗಿ ಅಂದ ಮಾತು. ಕಣ್ಣಲ್ಲಿ ನೀರು ಬಂತು ಅಂತ ಹೇಳಿಕೊಳ್ಳಲು ಈಗ ನನಗೇನೂ ನಾಚಿಕೆಯಿಲ್ಲ.

ಭೂತಗನ್ನಡಿ ಹಿಡಿದು ತೋರಿಸಿದರು. ಬ್ರಿಡ್ಜಿನ ತಟ್ಟೆ ಎರಡು ಸಣ್ಣ ಕಂಬಗಳ ಮೇಲೆ ಬರೀ ಅಂಚಿನಿಂದ ನಿಂತಿರುತ್ತದೆ, ತಕ್ಕಡಿಯ ದಂಡಿಗೆ ಚೂಪು ಅಂಚಿನ ಮೇಲೆ ನಿಲ್ಲುವ ಹಾಗೇ. ನನ್ನದರಲ್ಲಿ ಆ ಅಂಚು ಮೊಂಡಾಗಿತ್ತು. ಕಂಬಗಳೋ ಮೆದು ಕಬ್ಬಿಣ, ಸವೆದು ಗುಳಿ ಬಿದ್ದಿದ್ದವು. ತಟ್ಟೆ ವಾಪಸು ಬರುವಾಗ ಆ ಗುಳಿಯಲ್ಲಿ ಎಲ್ಲೆಂದರಲ್ಲಿ ಸಿಕ್ಕಿ ನಿಲ್ಲುತ್ತಿತ್ತು. ನಾಲ್ಕು ಸಂಜೆ ಅವರು ಆ ಅಂಚನ್ನು ಸಾಣೆಕಲ್ಲಿನ ಮೇಲೆ ಮಸೆದರು, ಮೂರು ಎಳೆತ, ಒಂದು ನೋಟ, ಮತ್ತೆ ಮೂರು ಎಳೆತ. ಒಂದು ಹಳೇ ತಕ್ಕಡಿಯ ಗಟ್ಟಿ ಉಕ್ಕಿನಿಂದ ಹೊಸ ಕಂಬ ಎರಡು ಕಡೆದರು. ಅಂಚಿಗೆ ಎಣ್ಣೆ ಬಿಡಲು ಹೋದ ನನ್ನ ಕೈಗೆ ಪಟ್ಟನೆ ಹೊಡೆದರು. ಎಣ್ಣೆ ಧೂಳು ಕರೆಯುತ್ತದಂತೆ, ಒಣಗಿರಬೇಕಂತೆ.

ಎಲ್ಲ ಜೋಡಿಸಿದ ಮೇಲೆ ಐದು ತಂತಿ ಮನೆಗೆ ಬಂದವು. ಮೂರನೆಯದು ಮಾತ್ರ ಒತ್ತಿ ಬಿಟ್ಟಾಗೆಲ್ಲ ಒಂದು ಕೂದಲು ಮೇಲೆ ನಿಲ್ಲುತ್ತಿತ್ತು. ನಾನು ಮತ್ತೆ ಗಿಟಾರಿನ ಜನ್ಮ ಜಾಲಾಡತೊಡಗಿದೆ. ಯಜಮಾನರು ಆ ತಂತಿಯ ಉದ್ದಕ್ಕೂ ಬೆರಳು ಆಡಿಸಿದರು. "ಆರೂ ಒಟ್ಗೆ ತಪ್ಪುದ್ರೆ ತಟ್ಟೆ ತಪ್ಪು. ಒಂದೇ ತಪ್ಪುದ್ರೆ ಆ ದಾರ ಎಲ್ಲೋ ಸಿಕ್ಕಾಕಂಡದೆ." ಗಿಟಾರಿನ ಕತ್ತಿನ ತುದಿಯಲ್ಲಿ ತಂತಿಗಳು ಹಾಯುವ ಗೀರುಗಳಿವೆ. ಅಲ್ಲಿಗೆ ಕಿವಿಯ ಪೆನ್ಸಿಲ್ ತೆಗೆದು ಸೀಸ ಉಜ್ಜಿದರು, ಮಕ್ಕಳ ಸ್ಲೇಟಿನ ಮೇಲೆ ಬರೆಯುವ ಹಾಗೆ. ಮೂರನೆಯ ತಂತಿ ನುಣುಪಾಗಿ ಜಾರಿ ಬಂದು ತನ್ನ ಜಾಗದಲ್ಲಿ ಕೂತಿತು. ರಟ್ಟಿನ ಮೇಲೆ ಒಂದೇ ಗೀರು.

ಪೂರ್ಣಿಮೆಯ ಸಂಜೆ ನರಸೀಪುರದಲ್ಲೇ ಕಾರ್ಯಕ್ರಮ. ಮೈದಾನದ ತುಂಬ ಜನ, ಬಿಳಿ ಸೀರೆ, ಬಿಳಿ ಅಂಗಿ. ಬೇಸಿಗೆಯ ಧಗೆಗೆ ತಂತಿ ಬೆವರಿದ ಹಾಗಿತ್ತು. ನೋಡುತ್ತೇನೆ, ಮುಂದಿನ ಸಾಲಿನ ಕುರ್ಚಿಯಲ್ಲಿ ವಿಭೂತಿ ಹಚ್ಚಿಕೊಂಡು ಯಜಮಾನರು! ಅವರ ಕಣ್ಣು ಮೇಡಂ ಮೇಲಿಲ್ಲ, ನನ್ನ ಮುಖದ ಮೇಲೂ ಇಲ್ಲ, ನನ್ನ ಹೊಟ್ಟೆಯ ಹತ್ತಿರದ ಬ್ರಿಡ್ಜಿನ ಮೇಲೆ. ತೋರುಬೆರಳು ನೆಟ್ಟಗೆ ಎತ್ತಿ ಹಿಡಿದಿದ್ದರು. ಮೇಡಂ ನನ್ನ ಕಡೆ ನೋಡಿ ತಲೆಯಾಡಿಸಿದರು. ನಾನು ತಂತಿ ಮೀಟಿ ಹಿಡಿ ಒತ್ತಿದೆ. ಸ್ವರ ಜಾರಿತು, ಯಜಮಾನರ ಬೆರಳೂ ವಾಲಿತು. ಬಿಟ್ಟೆ. ಬೆರಳು ನಿಧಾನಕ್ಕೆ ಎದ್ದು… ನೆಟ್ಟಗೆ ನಿಂತಿತು. ಅದೇ ಸ್ವರಕ್ಕೆ ಮೇಡಂ ಹಾಡು ಎತ್ತಿಕೊಂಡರು. ಇಬ್ಬರ ಸ್ವರವೂ ಒಂದೇ! ಅವತ್ತು ಹನ್ನೊಂದು ಹಾಡು ನುಡಿಸಿದೆವು, ಒಂದು ಬಿರಡೆಯನ್ನೂ ನಾನು ಮುಟ್ಟಲಿಲ್ಲ. ಕೀಬೋರ್ಡಿನ ಮಾತು ಆಮೇಲೆ ಯಾರೂ ಎತ್ತಲಿಲ್ಲ. ಡ್ರಮ್ಸಿನವನು ಮಾತ್ರ, "ಏನ್ ಗುರು, ನೆಲ ಸರಿ ಮಾಡ್ಸ್ದಾ?" ಅಂದ.

ಜನ ಕರಗಿದ ಮೇಲೆ ಯಜಮಾನರ ಹತ್ತಿರ ಓಡಿದೆ. ಹಾಡು ಹೇಗಿತ್ತು ಅಂತ ಕೇಳಿದೆ. "ಹಾಡ್ ಬುಡು. ಎಲ್ಲಾ ಸಲನೂ ಮನೆಗ್ ಬಂತಲ್ಲ, ಶಿವ ಶಿವಾ." ಅದು ಸಂತೋಷದ ಶಿವ ಶಿವಾ.

ಮರುದಿನ ಅವರು ಒಂದು ಷರತ್ತು ಹಾಕಿದರು. ತಕ್ಕಡಿಗೆ ಕಾಲಕಾಲಕ್ಕೆ ಸರ್ಕಾರದ ಮುದ್ರೆ ಬೀಳಬೇಕು, ನಿಂದಕ್ಕೂ ಬೀಳಬೇಕು, ಪ್ರತಿ ವರ್ಷ ಪೂರ್ಣಿಮೆಗೆ ಮುಂಚೆ ತರಬೇಕು ಅಂತ. ಗಿಟಾರಿನ ಬೆನ್ನಿಗಿದ್ದ ಪ್ಲಾಸ್ಟಿಕ್ ಮುಚ್ಚಳ ಬಿಸಾಡಿ, ಹಳೇ ತಕ್ಕಡಿ ತಟ್ಟೆಯಿಂದ ಹಿತ್ತಾಳೆಯ ಮುಚ್ಚಳ ಕತ್ತರಿಸಿ ಹಾಕಿದರು. ಅದರ ಮೂಲೆಯಲ್ಲಿ ಉಳಿಯಂಥ ಸಣ್ಣ ಮೊಳೆಯಿಟ್ಟು ಟಕ್ ಅಂತ ಒಂದು ಚುಕ್ಕಿ ಹೊಡೆದರು. ಸರ್ಕಾರದ ಮುದ್ರೆಯಲ್ಲ, ಅವರ ಸ್ವಂತದ್ದು. ಮೊದಲನೆಯ ವರ್ಷ.

ಹಾಗೆ ಏಳು ವರ್ಷ ಹೋದೆ. ಕಡ್ಡಿ ಅಂಟಿಸುವುದು, ಒತ್ತುವುದು, ಎಳೆಯುವುದು, ಗೀರು, ಚುಕ್ಕಿ, ಕಾಫಿ. ಅವರಿಗೂ ಚಪಲ ಹತ್ತಿತ್ತು. ಬೇರೆ ಥರದ್ದೂ ತಾರ್ಲಾ ನೋಡವ ಅನ್ನುತ್ತಿದ್ದರು. ಸ್ನೇಹಿತರ ಗಿಟಾರುಗಳನ್ನು ಬಸ್ಸಿನಲ್ಲಿ ಹೊತ್ತೆ. ಆರು ಸ್ಕ್ರೂ ಮೇಲೆ ನಿಲ್ಲುವ ಹಳೇ ಮಾದರಿ ಬ್ರಿಡ್ಜ್ ನೋಡಿ, ಆರು ಜನ ಹಿಡಿದ ಮೇಲೆ ಯಾರಾದರೂ ಒಬ್ಬ ಬಿಗಿ ಹಿಡಿಯುತ್ತಾನೆ ಅಂತ, ನಡುವಿನ ನಾಲ್ಕನ್ನು ಒಂಚೂರು ಸಡಿಲಿಸಿದರು. ಅದು ಎಷ್ಟೋ ಸುಧಾರಿಸಿತು. ಇನ್ನೊಂದು ಜಾತಿಯಲ್ಲಿ ತಂತಿಯ ಎರಡು ತುದಿಗೂ ಬೋಲ್ಟಿನ ಬೀಗ. ಅದನ್ನು ಎಷ್ಟು ಜಗ್ಗಿದರೂ ಕಡ್ಡಿ ಒಂದೇ ಗೀರಿಗೆ ಬಂದು ನಿಂತಿತು. ಯಜಮಾನರು ಮೆಚ್ಚಿ ತಲೆದೂಗಿದರು. ಆಮೇಲೆ ಒಂದು ತಂತಿ ಕಿತ್ತರೆ ಏನು ಗತಿ ಅಂತ ಕೇಳಿದರು. ಉಳಿದ ಐದೂ ಕೆಡುತ್ತವೆ, ಎಲ್ಲ ಬೀಗ ಬಿಚ್ಚಿ ಮೊದಲಿಂದ ಶ್ರುತಿ ಮಾಡಬೇಕು ಅಂದೆ. "ಹೆಂಗೂ ಕಳ್ಳ ಬರೋದು ಒಂದೊಂದ್ ಸಲ. ದಿನಾ ಬೀಗ ತೆಗೆಯೋನು ಮನೆ ಯಜಮಾನ ಅಲ್ವಾ?" ಅಂದು ನಕ್ಕರು. ಕದಲದ ಬ್ರಿಡ್ಜಿನ ಗಿಟಾರನ್ನು ಮಾತ್ರ ಮುಟ್ಟಲೂ ಇಲ್ಲ. ಊರು ಬಿಟ್ಟು ಹೋಗದವನು ಮನೆಗೆ ಬಂದರೆ ಏನು ಅತಿಶಯ ಅಂತ.

ಅಷ್ಟರಲ್ಲಿ ನನಗೆ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಸ್ಟೋರ್ ಕೆಲಸ ಸಿಕ್ಕಿತು, ಮದುವೆಯಾಯಿತು. ಎಂಟನೆಯ ವರ್ಷ ಪೂರ್ಣಿಮೆ ಬಂತು. ಗಿಟಾರ್ ತೆಗೆದು ಒತ್ತಿ ಬಿಟ್ಟು ನೋಡಿದೆ. ಕಲ್ಲಿನಂತೆ ನಿಂತಿತ್ತು. ಸರಿಯಾಗೇ ಇದೆಯಲ್ಲ, ಮುಂದಿನ ವರ್ಷ ಹೋದರಾಯಿತು ಅಂದುಕೊಂಡೆ. ಮುಂದಿನ ವರ್ಷವೂ ಸರಿಯಾಗೇ ಇತ್ತು… ಅವರ ಕೆಲಸ ಅಷ್ಟು ಗಟ್ಟಿ. ಒಂದೇ ಒಂದು ಸಲ ಅಪಸ್ವರ ನುಡಿದಿದ್ದರೂ ಅವತ್ತೇ ಬಸ್ಸು ಹತ್ತುತ್ತಿದ್ದೆ. ಗಿಟಾರ್ ಕೆಡಲಿಲ್ಲ, ನಾನು ಹೋಗಲಿಲ್ಲ. ಮೂರು ವರ್ಷದ ಹಿಂದೆ ಯಜಮಾನರು ತೀರಿಕೊಂಡರು. ಸುದ್ದಿ ನನಗೆ ಮುಟ್ಟಿದ್ದು ಆರು ತಿಂಗಳ ನಂತರ, ಮಿಲ್ಲಿನ ಹಳೇ ಹಮಾಲಿಯೊಬ್ಬ ಫೋನಿನಲ್ಲಿ ಇನ್ನೇನೋ ಮಾತಾಡುತ್ತಾ ಹೇಳಿದ. ಆಮೇಲೆ ಯಾವ ಮುಖ ಹೊತ್ತುಕೊಂಡು ಹೋಗಲಿ ಅಂತ ಹೋಗಲೇ ಇಲ್ಲ.

ಕಳೆದ ಭಾನುವಾರ ಹೋದೆ. ಎಣ್ಣೆ ಒರೆಸಿ, ಹೆಂಡತಿಗೆ ಹೇಳಿ, ಗಿಟಾರ್ ಹೆಗಲಿಗೆ ಹಾಕಿಕೊಂಡು ನರಸೀಪುರದ ಬಸ್ಸು ಹತ್ತಿದೆ. ಹೆಮ್ಮರಗಾಲದಲ್ಲಿ ಹತ್ತಿದ ಅಕ್ಕನೊಬ್ಬಳು ಪಕ್ಕದಲ್ಲಿ ಕೂತು ಇದೇನಪ್ಪ, ತಂಬೂರಿನಾ ಅಂತ ಕೇಳಿದಳು. ಹೂಂ ಕಣಕ್ಕ, ಅದರ ತಮ್ಮ ಅಂದೆ.

ಅಂಗಡಿ ಇತ್ತು. ಗಾಜಿನ ಕಪಾಟಿನ ತುಂಬ ಕೆಂಪು ಅಂಕಿ ಮಿಣುಕುವ ಎಲೆಕ್ಟ್ರಾನಿಕ್ ತಕ್ಕಡಿಗಳು. ಅವುಗಳ ಮಧ್ಯೆ ಕೂತು ಯಜಮಾನರ ಮಗಳು ಒಂದನ್ನು ಬಿಚ್ಚಿ ಬೆಸುಗೆ ಹಾಕುತ್ತಿದ್ದಳು. ಈಗ ಅಂಗಡಿ ಅವಳದೇ. ನನ್ನ ಹೆಗಲ ಮೇಲಿನದ್ದನ್ನು ನೋಡಿ ಎದ್ದು ನಿಂತಳು. ನಾನು ಜಗಲಿಯಲ್ಲೇ ನಿಂತಿದ್ದೆ, ಈ ಸಲ ಕಾಲು ಬರದೇ ಇದ್ದದ್ದು ಬೇರೆ ಕಾರಣಕ್ಕೆ.

"ಒಳೀಕ್ ಬನ್ನಿ ಸಾ. ಅಲ್ಲಿ ಗಾಳಿ."

ಚಾಪೆಯ ಮೇಲೆ ಕೂತು, ತಡವಾಯಿತಮ್ಮ ಅಂದೆ.

"ಅಪ್ಪಾಜಿ ಎರಡ್ ವರ್ಸ ಕಾಯ್ಕಂಡಿದ್ರು ಸಾ. ಪೂರ್ಣಮಿ ಹತ್ರ ಬಂದ್ರೆ ಆ ಮೊಳೆ ತೆಗ್ದು ಒರಸಿಡೋರು. ನೀವ್ ಬರ್ನಿಲ್ಲ ಅಂತ ನಾನ್ ಬೈದ್ರೆ, ‘ಅವ್ನು ಬರ್ನಿಲ್ಲ ಅಂದ್ರೆ ತಟ್ಟೆ ಮನೆಗ್ ಬತ್ತಾ ಅದೆ ಅಂತ ಕಣವ್ವ, ನಮ್ ಕೆಲ್ಸ ಕೆಟ್ಟಿಲ್ಲ’ ಅನ್ನೋರು. ಕುಸಿಯಾಗೇ ಅನ್ನೋರು ಸಾ."

ಅವಳು ಸಮಾಧಾನಕ್ಕೆ ಹೇಳಿದ ಮಾತು. ನನಗೆ ಎದೆಯಲ್ಲಿ ಏನೋ ಮುರಿದ ಹಾಗಾಯಿತು, ಅದರ ಜೊತೆಗೇ ಒಂಥರಾ ನಗುವೂ ಬಂತು. ಅವರು ಹಾಗೇ ಅಂದಿರುತ್ತಾರೆ, ನನಗೆ ಗೊತ್ತು.

ಅವಳು ಪೊರಕೆಯಿಂದ ಕಡ್ಡಿ ಎಳೆದಳು. ಮೇಣ, ರಟ್ಟು, ಪೆನ್ಸಿಲ್ಲು. ಒತ್ತಿ ಬಿಟ್ಟೆ, ಎಳೆದು ಬಿಟ್ಟೆ. ಒಂದೇ ಗೀರು. ಗಿಟಾರ್ ತಿರುಗಿಸಿ, ಕಪ್ಪಾಗಿದ್ದ ಹಿತ್ತಾಳೆ ಮುಚ್ಚಳಕ್ಕೆ ಹುಣಸೆಹಣ್ಣು ಹಾಕಿ ತಿಕ್ಕಿದಳು. ಏಳು ಚುಕ್ಕಿ ಒಂದೊಂದಾಗಿ ಬೆಳಗಿಕೊಂಡವು. ತಗಡಿನ ಡಬ್ಬಿಯಿಂದ ಆ ಮೊಳೆ ತೆಗೆದಳು.

"ಬಾಕಿ ಐದು ವರ್ಷದ್ದೂ ಸೇರಿಸಿ ಹೊಡೆದುಬಿಡಮ್ಮ," ಅಂದೆ.

ಅವಳು ಸುತ್ತಿಗೆ ಹಿಡಿದ ಕೈ ತಡೆದು ನನ್ನ ಮುಖ ನೋಡಿದಳು. "ಬರ್ದೆ ಇದ್ದ ವರ್ಸಕ್ಕೆ ಮುದ್ರೆ ಹಾಕಂಗಿಲ್ಲ ಸಾ. ಅಪ್ಪಾಜಿ ಇದ್ದಿದ್ರೂ ಹಾಕ್ತಿರ್ನಿಲ್ಲ."

ಬೆರಳಿನಿಂದ ಅಳೆದು ಐದು ಚುಕ್ಕಿಯ ಜಾಗ ಬಿಟ್ಟಳು. ಅದರಾಚೆಗೆ ಮೊಳೆಯಿಟ್ಟು ಟಕ್ ಅಂತ ಒಂದು ಹೊಡೆದಳು. ಕಾಫಿ ಕುಡಿದು, ಮುಂದಿನ ಪೂರ್ಣಿಮೆಗೆ ಮುಂಚೆ ಬರುತ್ತೇನೆ ಅಂತ ಹೇಳಿ ಎದ್ದೆ. ಬಸ್ಸಿನಲ್ಲಿ ಗಿಟಾರ್ ತೊಡೆಯ ಮೇಲಿಟ್ಟುಕೊಂಡು ನಂಜನಗೂಡಿನವರೆಗೂ ಆ ಮುಚ್ಚಳದ ಮೇಲೆ ಹೆಬ್ಬೆರಳು ಆಡಿಸುತ್ತಾ ಬಂದೆ. ಏಳು ಚುಕ್ಕಿ ಬೆರಳಿಗೆ ಸಿಕ್ಕವು, ಆಚೆಗೆ ಒಂದು ಸಿಕ್ಕಿತು. ನಡುವಿನ ಐದು ವರ್ಷ ನುಣ್ಣಗಿತ್ತು.